ಕರುಣಾ ಮಂಡಳಿಯ ದೊಡ್ಡಿ

ದನದ ಆಸ್ಪತ್ರೆಗೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ದನ ಒದೆಯುತ್ತದೆಂದು ಹೆದರಬೇಡಿ. ಒದ್ದರೆ ಕಾಲು ಊದುತ್ತದೆ, ಎಂಟು ದಿನದಲ್ಲಿ ಇಳಿಯುತ್ತದೆ. ಹೆದರಬೇಕಾದದ್ದು ದನದ ಪಕ್ಕದಲ್ಲಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡುವ ದೊಡ್ಡ ಮನುಷ್ಯರಿಗೆ. ಅವರ ಮಾತಿಗೆ ತಲೆಯಾಡಿಸಿ ನಾನು ಏನು ಮಾಡಿದೆ ಎನ್ನುವುದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ನಿಮಗೆ ಬೇಡ. ಅದು ನನ್ನ ಸರ್ವಿಸ್ ಪುಸ್ತಕದಲ್ಲಿದೆ, ಓದಿದರೆ ನಿದ್ದೆ ಬರುತ್ತದೆ.

ನಾನು ಐವತ್ತರ ದಶಕದ ಮೊದಲ ವರ್ಷಗಳಲ್ಲಿ ದಾವಣಗೆರೆಯಲ್ಲಿ ದನದ ಆಸ್ಪತ್ರೆಯ ಕಂಪೌಂಡರ್ ಆದೆ. ಹೆಂಚಿನ ಎರಡು ಕೋಣೆ, ಮುಂದೊಂದು ಬೇವಿನ ಮರ, ದನವನ್ನು ಕಟ್ಟಿ ನಿಲ್ಲಿಸಲು ಮರದ ಚೌಕಟ್ಟು. ಔಷಧಿ ಎಂದರೆ ಟಿಂಚರ್, ಫಿನಾಯಿಲು, ಮೈಲುತುತ್ತ, ಹರಳೆಣ್ಣೆ. ಕುಡಿಸುವುದನ್ನೆಲ್ಲ ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಸುರಿಯುತ್ತಿದ್ದೆವು. ಆಗ ಇದು ಹತ್ತಿಯ ಊರು. ಗಿರಣಿಗಳ ಮುಂದೆ ಬೆಳಗಿನಿಂದ ಗಾಡಿಗಳ ಸಾಲು ನಿಲ್ಲುತ್ತಿತ್ತು. ಎತ್ತು ಒಂದು ದಿನ ಮಲಗಿದರೆ ಊರೇ ಮಲಗುತ್ತಿತ್ತು. ಆದರೂ ಆ ಎತ್ತಿಗೆ ಮದ್ದು ಹಾಕುವವನೆಂದರೆ ಜನಕ್ಕೆ ತಾತ್ಸಾರ. ನಮ್ಮ ಅತ್ತೆ ಮದುವೆಯಲ್ಲಿ ಹಾಕಿದ ಒಂದೇ ಷರತ್ತು ಎಂದರೆ, ಅಳಿಯ ಸ್ನಾನ ಮಾಡದೆ ತಮ್ಮ ಮನೆಯ ನಡುಮನೆಗೆ ಬರಕೂಡದು.

ಇಂದು ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕುಗಳ ಮುಂದೆ ಸ್ವೆಟರ್ ತೊಟ್ಟ ನಾಯಿಗಳನ್ನು ಎತ್ತಿಕೊಂಡು ಸಾಲು ನಿಂತವರನ್ನು ನೋಡುತ್ತೇನೆ. ನಗು ಬರುತ್ತದೆ. ಆದರೆ ನಾವು ನಗುವ ಹಾಗೇನೂ ಬಾಳಿದವರಲ್ಲ.

ಹೋರಿಯ ಬೀಜ ಒಡೆಯುತ್ತಿದ್ದ ರೀತಿಯನ್ನೇ ತೆಗೆದುಕೊಳ್ಳಿ. ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಬಿಗಿದು, ಕೆಳಗೆ ಮರದ ತುಂಡು ಕೊಟ್ಟು ಕಲ್ಲಿನಿಂದ ಜಜ್ಜುತ್ತಿದ್ದರು. ಕೆಲವು ಹೋರಿಗಳು ವಾರವಿಡೀ ಮೇವು ಮುಟ್ಟುತ್ತಿರಲಿಲ್ಲ. ಕೆಲವು ಏಳುತ್ತಲೇ ಇರಲಿಲ್ಲ. ಆಮೇಲೆ ಇಲಾಖೆಯಿಂದ ಉದ್ದ ಹಿಡಿಯ ಕಬ್ಬಿಣದ ಇಕ್ಕಳ ಬಂತು. ಚರ್ಮ ಹರಿಯದೆ, ರಕ್ತ ಬಾರದೆ, ಒಳಗಿನ ನರವನ್ನು ಮಾತ್ರ ಹಿಸುಕುವ ಇಕ್ಕಳ. ಒಂದೊಂದು ಕಡೆಗೆ ಒಂದು ನಿಮಿಷವೂ ಹಿಡಿಯದು. ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಗಳಿಗೆ ಹೋದರೆ ಜನ ಏನೆಂದರು ಗೊತ್ತೆ? ಒಬ್ಬ ಗೌಡರು ಹೋರಿ ಎದ್ದು ಬಾಲ ಬೀಸಿಕೊಂಡು ನಡೆದದ್ದನ್ನು ನೋಡಿ ಮುಖ ಗಂಟಿಕ್ಕಿದರು. "ಹೋರಿ ಕೂಗ್ಲೇ ಇಲ್ಲಲ್ರಿ. ಕೂಗದಿದ್ರೆ ಕೆಲಸ ಆತು ಅಂತ ಹೆಂಗ್ರಿ ನಂಬಾದು?" ಎಂದರು. ನಾನು ಊರು ದಾಟಿದ ಮೇಲೆ ಹಳೆಯ ಕಲ್ಲಿನವನನ್ನು ಕರೆಸಿ, ಆ ಹೋರಿ ಚೆನ್ನಾಗಿ ಕೂಗುವ ಹಾಗೆ ಮತ್ತೊಮ್ಮೆ ಜಜ್ಜಿಸಿದರಂತೆ. ಇಂಥವರಿಗೆ ವಿಜ್ಞಾನ ಮುಟ್ಟಿಸಲು ಸರ್ಕಾರ ನನ್ನನ್ನು ನೇಮಿಸಿತ್ತು.

ನನ್ನ ಅವಾಂತರವನ್ನೂ ಹೇಳಬೇಕು. ಲೋಕಿಕೆರೆಯ ಹಾಲಪ್ಪ ಎಂಬ ರೈತ ತನ್ನ ಕೆಂಚು ಬಣ್ಣದ ಹೋರಿಯನ್ನು ತಾನಾಗಿಯೇ ಆಸ್ಪತ್ರೆಗೆ ಹೊಡೆದುಕೊಂಡು ಬಂದ. ಹಾಗೆ ಬಂದವರಲ್ಲಿ ಅವನೇ ಮೊದಲಿಗ. ಕಲ್ಲಿನಲ್ಲಿ ಜಜ್ಜಿಸಲು ಮನಸ್ಸಿಲ್ಲ, ಇಕ್ಕಳದಲ್ಲಿ ನೋವು ಕಡಿಮೆ ಎಂದು ಕೇಳಿದ್ದೇನೆ ಎಂದ. ನಾನು ಮಹಾ ಗತ್ತಿನಿಂದ ಇಕ್ಕಳ ಹಾಕಿದೆ. ಒಂದು ಕಡೆಯ ನರ ಜಾರಿದ್ದು ನನಗೆ ತಿಳಿಯಲೇ ಇಲ್ಲ. ಮರುವರ್ಷ ಹಾಲಪ್ಪ ಅದೇ ಕೆಂಚನನ್ನು ತಂದು ಬೇವಿನ ಮರಕ್ಕೆ ಕಟ್ಟಿದ.

"ಕಂಪೌಂಡ್ರೆ, ನಿಮ್ಮ ಇಕ್ಕಳ ಒಂದ ಕಡಿಗೆ ಅಷ್ಟ ಕೆಲಸ ಮಾಡೇತಿ ನೋಡ್ರಿ. ನಮ್ಮೂರಾಗ ಮೂರು ಆಕಳು ಗಬ್ಬ ಆಗ್ಯಾವು" ಎಂದ.

ಬೇರೆ ಯಾರಾದರೂ ಆಗಿದ್ದರೆ ಆಸ್ಪತ್ರೆಯ ಮುಂದೆ ಜನ ಸೇರಿಸುತ್ತಿದ್ದರು. ಅವನು ನಕ್ಕ, ನನ್ನನ್ನೂ ನಗಿಸಿದ. ಎರಡನೆಯ ಸಲ ನಾನು ಕೈಯಿಂದ ತಡವಿ ನೋಡಿ, ಸರಿಯಾಗಿ ಮಾಡಿದೆ. ಅಂದಿನಿಂದ ಅವನು ನಮ್ಮ ಖಾಯಂ ಗಿರಾಕಿ. ಕಾಲುಬಾಯಿ ಜ್ವರ ಬಂದರೂ ಬಂದ, ಕೆಂಚನ ಗೊರಸಿಗೆ ಮುಳ್ಳು ನಟ್ಟರೂ ಬಂದ. ಬರುವಾಗ ಒಂದು ಹಿಡಿ ಹಸಿ ಕಡಲೆಗಿಡವನ್ನೋ ಜೋಳದ ತೆನೆಯನ್ನೋ ನನ್ನ ಮೇಜಿನ ಮೇಲಿಡುತ್ತಿದ್ದ. ಸರ್ಕಾರದ ಸೂಜಿಯನ್ನು ನಂಬಿದ ರೈತ ಆ ಕಾಲದಲ್ಲಿ ಅಪರೂಪ. ಈ ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ನಮ್ಮ ಡಾಕ್ಟರು ನರಸಿಂಗರಾಯರು ಮೈಸೂರಿನ ಕಡೆಯವರು. ಬಿಳಿ ಪ್ಯಾಂಟು, ಬಿಳಿ ಬೂಟು. ದನದ ಆಸ್ಪತ್ರೆಗೆ ಬಿಳಿ ಬೂಟು ಹಾಕಿಕೊಂಡು ಬರುವವನು ಎಷ್ಟು ದನ ಮುಟ್ಟುತ್ತಾನೆ, ನೀವೇ ಲೆಕ್ಕ ಹಾಕಿ. ದನವನ್ನು ಕಿಟಕಿಯಿಂದ ನೋಡಿ ರೋಗ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ವರದಿ ಬರೆಯುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ. ಒಮ್ಮೆ ಒಂದು ಹಳ್ಳಿಯಲ್ಲಿ ಗಂಟಲು ಬೇನೆಯಿಂದ ದನಗಳು ಉರುಳುತ್ತಿವೆ ಎಂದು ನಾನು ಓಡಿಬಂದು ಬರೆದುಕೊಟ್ಟರೆ, ಅವರು ನನ್ನ ಟಿಪ್ಪಣಿಯಲ್ಲಿ "ಉರುಳುತ್ತಿವೆ" ಎಂಬುದನ್ನು ಹೊಡೆದು "ಅಸ್ವಸ್ಥವಾಗಿವೆ" ಎಂದು ತಿದ್ದಿದರು. ತಿದ್ದಿದ ಹಾಳೆ ಮೇಲಕ್ಕೆ ಹೋಗಿ ಲಸಿಕೆ ಕೆಳಕ್ಕೆ ಬರುವುದರೊಳಗೆ ಆ ಹಳ್ಳಿಯ ಕೊಟ್ಟಿಗೆಗಳು ಅರ್ಧ ಖಾಲಿಯಾಗಿದ್ದವು.

ಇನ್ನು ಸಾಹುಕಾರ ಕೊಟ್ರಬಸಪ್ಪನವರು. ಹತ್ತಿ ವ್ಯಾಪಾರಿ, ಊರಿನ ಗಣ್ಯರು. ದಿನಾ ಬೆಳಗ್ಗೆ ಅಂಗಳದ ಇರುವೆಗೂಡಿಗೆ ತಮ್ಮ ಕೈಯಾರೆ ಸಕ್ಕರೆ ಹಾಕುತ್ತಿದ್ದರು. ಹಾಕುವುದನ್ನು ನಾಲ್ಕು ಜನ ನೋಡುವ ಹೊತ್ತಿಗೇ ಹಾಕುತ್ತಿದ್ದರು. ಅದೇ ಅಂಗಳದಿಂದ ಹೊರಡುವ ಅವರ ಹತ್ತಿ ಗಾಡಿಗಳು ಮಾಳಿಗೆಯೆತ್ತರ ಹೇರಿಕೊಂಡಿರುತ್ತಿದ್ದವು. ಗಾಡಿಯವರ ಬಾರುಕೋಲಿನ ತುದಿಗೆ ಮೊಳೆ. ಆ ಎತ್ತುಗಳ ತೊಡೆಯ ಗಾಯಕ್ಕೆ ಮದ್ದು ಹಚ್ಚಲು ನನ್ನನ್ನು ಕರೆಸಿದಾಗ, ಕೆಂಪು ಮದ್ದು ಎದ್ದು ಕಾಣುತ್ತದೆ, ಮೈ ಬಣ್ಣಕ್ಕೆ ಹೊಂದುವ ಮದ್ದು ಇದ್ದರೆ ಹಚ್ಚಿ ಎಂದು ಹೇಳಿ ಕಳಿಸಿದ್ದರು.

ಈ ಮಹನೀಯರೇ ಒಂದು ದಿನ ಮೂಕಜೀವ ಕರುಣಾ ಮಂಡಳಿ ಎಂದು ಹೆಸರಿಟ್ಟು ಒಂದು ಸಂಘ ಕಟ್ಟಿದರು. ತಾವು ಅಧ್ಯಕ್ಷರು, ನಮ್ಮ ಡಾಕ್ಟರು ಸಲಹೆಗಾರರು. ನಾನು ಕುರ್ಚಿ ಹಾಕುವವನು. ಹರಿಹರದಲ್ಲಿ ಮಂಡಳಿಯ ಶಾಖೆ ತೆರೆಯುವ ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಹೊಳೆಯ ದಂಡೆಯ ಹತ್ತಿರ ಪೆಂಡಾಲು. ಸಾಹುಕಾರರು ಒಂದು ಗಂಟೆ ಮಾತಾಡಿದರು. ಪ್ರಾಣಿಗಳು ಬಾಯಿಲ್ಲದ ನಮ್ಮ ತಮ್ಮಂದಿರು ಎಂದರು, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನಾನೂ ಚಪ್ಪಾಳೆ ತಟ್ಟಿದೆ.

ಸಭೆ ಮುಗಿದ ಮೇಲೆ ರೈಲು ನಿಲ್ದಾಣಕ್ಕೆ ಜಟಕಾ ಹತ್ತಿದೆವು. ಗಾಡಿಯವನು ಬಾಷಾಸಾಬ್ ಎಂಬ ಮುದುಕ. ಅವನ ಕುದುರೆಗೂ ವಯಸ್ಸಾಗಿತ್ತು. ಆದರೆ ಅದರ ಮೈ ಮಿಂಚುತ್ತಿತ್ತು, ಮೂತಿಗೆ ಒಂದು ಗಾಯವಿಲ್ಲ. ಕುದುರೆಯ ಕಣ್ಣ ಮೇಲೆ ನೊಣ ಕೂರದಿರಲೆಂದು ಅವನು ತನ್ನ ಹಳೆಯ ಲುಂಗಿ ಹರಿದು ಜಾಲರಿ ಕಟ್ಟಿದ್ದ. ಹೊಳೆಯ ಕಡೆಯಿಂದ ದಾರಿ ಮೇಲೇರುವಲ್ಲಿ ಅವನು ಕೆಳಗಿಳಿದು, ಕುದುರೆಯ ಕೊರಳ ಹತ್ತಿರ ನಡೆಯತೊಡಗಿದ. ನಮಗೂ ವಿನಯದಿಂದಲೇ ಹೇಳಿದ.

"ಸ್ವಲ್ಪ ಇಳೀರಿ ಸಾಹುಕಾರ್ರೆ, ಏರು ದಾಟಾತನಕ ಅಷ್ಟ. ಅದಕ್ಕೂ ನಂಗೂ ಈಗ ಮೊದಲಿನ ಹಂಗ ಆಗಾದಿಲ್ರಿ."

ಸಾಹುಕಾರರು ಕದಲಲಿಲ್ಲ. "ಜಟಕಾ ಮಾಡೀವಿ ಅಂದ್ರ ನಡಕೊಂಡು ಹೋಗಾಕೇನು?" ಎಂದರು. ಡಾಕ್ಟರು ತಮ್ಮ ಬಿಳಿ ಬೂಟು ನೋಡಿಕೊಂಡು ಕುಳಿತರು. ನಾನೊಬ್ಬ ಇಳಿದೆ. ಕರುಣೆಯಿಂದ ಇಳಿದೆ ಎಂದು ತಿಳಿಯಬೇಡಿ, ಮುದುಕನ ಮುಖ ನೋಡಲು ನಾಚಿಕೆಯಾಗಿ ಇಳಿದೆ. ಏರು ಮುಗಿಯುವವರೆಗೂ ಬಾಷಾಸಾಬ್ ಹಿಂದಿನಿಂದ ಗಾಡಿಯನ್ನು ಹೆಗಲು ಕೊಟ್ಟು ತಳ್ಳಿದ. ಅವನ ಜೊತೆ ನಾನೂ ತಳ್ಳಿದೆ. ಮೇಲೆ ಕರುಣಾ ಮಂಡಳಿಯ ಅಧ್ಯಕ್ಷರು ಕೊರಳ ಹಾರ ತೆಗೆಯದೆ ಕುಳಿತಿದ್ದರು. ನಿಲ್ದಾಣದಲ್ಲಿ ಇಳಿಯುವಾಗ ಅವರು ಆ ಹಾರವನ್ನು ಕುದುರೆಯ ಕೊರಳಿಗೆ ಹಾಕಿದರು. ಕುದುರೆ ಅದನ್ನು ತಿಂದಿತು. ಆ ದಿನ ಮಂಡಳಿಯಿಂದ ಪ್ರಾಣಿಗಳಿಗೆ ಆದ ಲಾಭ ಅದೊಂದೇ.

ಅರವತ್ತರ ದಶಕ ಬಂತು. ಪ್ರಾಣಿಗಳಿಗೆ ಹಿಂಸೆ ಕೊಡುವುದನ್ನು ತಡೆಯಲು ದೇಶಕ್ಕೆಲ್ಲ ಹೊಸ ಕಾನೂನಾಯಿತು. ಕಾನೂನು ಒಳ್ಳೆಯದೇ, ಅದನ್ನು ನಾನು ಆಗಲೂ ಅಲ್ಲಗಳೆಯಲಿಲ್ಲ, ಈಗಲೂ ಅಲ್ಲಗಳೆಯುವುದಿಲ್ಲ. ಆದರೆ ಅದು ಯಾರ ಕೈಗೆ ಸಿಕ್ಕಿತು ಎನ್ನುವುದನ್ನು ನೋಡಬೇಕು. ಮಂಡಳಿಯವರು ಊರ ಹೊರಗೆ ಗೋಡೆ ಕಟ್ಟಿಸಿ ಒಂದು ದೊಡ್ಡಿ ಮಾಡಿದರು. ಗಾಯಗೊಂಡ ಎತ್ತು ಕುದುರೆಗಳನ್ನು ಹಿಡಿದು ತಂದು ಅಲ್ಲಿ ಆರೈಕೆ ಮಾಡುವುದೆಂದು ಮಾತಾಯಿತು. ಊರಿಗೆ ಬರುವ ರಸ್ತೆಗಳಲ್ಲಿ ಗಾಡಿ ತಪಾಸಣೆ ಶುರುವಾಯಿತು. ಪ್ರಾಣಿ ದುಡಿಯಲು ಯೋಗ್ಯವಲ್ಲ ಎಂದು ಚೀಟಿ ಬರೆದುಕೊಡುವ ಕೆಲಸ ಡಾಕ್ಟರದ್ದು. ಬಿಸಿಲಲ್ಲಿ ಅವರು ಬರುತ್ತಾರೆಯೆ? ಮೊದಲೇ ಸಹಿ ಹಾಕಿದ ಖಾಲಿ ಚೀಟಿಗಳನ್ನು ನನ್ನ ಕೈಗೆ ಕೊಟ್ಟು ಕಳಿಸಿದರು.

ಮೊದಲ ದಿನ ಬೆಳಗ್ಗೆಯೇ ಸಾಹುಕಾರರ ನಾಲ್ಕು ಗಾಡಿ ಬಂದವು. ಎಂಟೆತ್ತಿನಲ್ಲಿ ಐದರ ಹೆಗಲು ಹುಣ್ಣು. ನಾನು ಐದನ್ನೂ ಪಟ್ಟಿಯಲ್ಲಿ ಬರೆದೆ. ಮಧ್ಯಾಹ್ನ ಡಾಕ್ಟರು ಪಟ್ಟಿ ನೋಡಿ ಕನ್ನಡಕ ತೆಗೆದರು.

"ಏನ್ರೀ ತಿಪ್ಪೇಸ್ವಾಮಿ, ಹೆಗಲು ಕೆಂಪಗಾಗಿರೋದಕ್ಕೆಲ್ಲ ಹುಣ್ಣು ಅಂತ ಬರೀತಾರಾ? ಅಳಿಸಿ."

ಅಳಿಸಿದೆ. ರಬ್ಬರು ನನ್ನ ಕೈಯಲ್ಲೇ ಇತ್ತು, ಯಾರೂ ಕೈ ಹಿಡಿದು ಅಳಿಸಲಿಲ್ಲ.

ಒಂದು ಶನಿವಾರ ಪತ್ರಿಕೆಯವರು ಫೋಟೋ ತೆಗೆಯಲು ಬರುವವರಿದ್ದರು. ಬಿರು ಬೇಸಿಗೆ. ಹತ್ತು ಗಂಟೆಯಾದರೂ ಹಿಡಿಯುವುದಕ್ಕೆ ತಕ್ಕ ಎತ್ತು ಸಿಗಲಿಲ್ಲ. ಸಿಕ್ಕಿದ್ದೆಲ್ಲ ಯಾರಾದರೂ ಗಣ್ಯರದ್ದು. ಆಗ ಹಾಲಪ್ಪನ ಗಾಡಿ ಬಂತು. ಗಾಡಿಯಲ್ಲಿ ಹೇರಿಲ್ಲ, ಒಂದು ಹೊರೆ ಮೇವು ಅಷ್ಟೆ. ಕೆಂಚನ ಹೆಗಲ ಮೇಲೆ ಅಂಗೈಯಗಲ ಹುಣ್ಣು. ಅದಕ್ಕೆ ಹರಳೆಣ್ಣೆ ಹಚ್ಚಿ, ನೊಗಕ್ಕೆ ಗೋಣಿಚೀಲದ ಮೆತ್ತೆ ಸುತ್ತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು.

"ನಿಮ್ಮತ್ರಾನೇ ಹೊಂಟಿದ್ದೆ ನೋಡ್ರಿ ಕಂಪೌಂಡ್ರೆ. ಆಸ್ಪತ್ರ್ಯಾಗ ಸಿಗ್ತೀರೋ ಇಲ್ಲೋ ಅನ್ಕೊಂಡಿದ್ದೆ. ಇದರ ಹೆಗಲು ಒಂದೀಟು ನೋಡ್ರಿ" ಎಂದ.

ಸಾಹುಕಾರರು ನನ್ನ ಪಕ್ಕದಲ್ಲಿ ನಿಂತಿದ್ದರು. ಹುಣ್ಣು ಫೋಟೋದಲ್ಲಿ ಚೆನ್ನಾಗಿ ಕಾಣುವಂತಿತ್ತು. "ಬರೀರಿ" ಎಂದರು. ಇವನು ಮದ್ದಿಗೆ ಬಂದವನು, ಇವನನ್ನು ನಾನು ಬಲ್ಲೆ ಎಂದು ಹೇಳಲು ಬಾಯಿ ತೆರೆದೆ. ಹುಣ್ಣಾದ ಎತ್ತಿಗೆ ನೊಗ ಹಾಕಿದ್ದಾನೋ ಇಲ್ಲವೋ ಎಂದು ಅವರು ಕೇಳಿದರು. ಹಾಕಿದ್ದ. ನಾನು ಬರೆದೆ. ಹಾಲಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ, ಮದ್ದಿನ ಚೀಟಿ ಎಂದು ತಿಳಿದು ಕೈ ಚಾಚಿದ. ಆಮೇಲೆ ಕೆಂಚನ ಹಗ್ಗ ಬಿಡಲಿಲ್ಲ. ಅವನ ಕೈಯಿಂದ ಹಗ್ಗ ಬಿಡಿಸಿದವನು ನಾನೇ. ಇನ್ನು ಇದು ಮಂಡಳಿಯ ವಶದಲ್ಲಿರುವ ಎತ್ತು, ಮುಟ್ಟಿದರೆ ಜೈಲು ಎಂದು ಹೇಳಿದವನೂ ನಾನೇ.

ದೊಡ್ಡಿಯಲ್ಲಿ ಕೆಂಚನನ್ನು ಮಂಡಳಿಯ ಬೋರ್ಡಿನ ಕಂಬಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದರು. ಬೋರ್ಡೂ ಎತ್ತೂ ಒಂದೇ ಫೋಟೋದಲ್ಲಿ ಬರಬೇಕಿತ್ತು. ಸಾಹುಕಾರರು ಬೆನ್ನ ಮೇಲೆ ಕೈಯಿಟ್ಟು ನಿಂತರು. ಫೋಟೋ ಆಯಿತು, ಎಲ್ಲರೂ ಊಟಕ್ಕೆ ಹೋದರು. ನಾನು ಹುಣ್ಣು ತೊಳೆದು ಮದ್ದು ಹಚ್ಚಿದೆ. ನೆರಳಿಗೆ ಬಿಚ್ಚಿ ಕಟ್ಟುವುದು, ನೀರು ಕುಡಿಸುವುದು ಕಾವಲುಗಾರನ ಕೆಲಸ ಎಂದು ನನ್ನ ಸೈಕಲ್ಲು ಹತ್ತಿದೆ. ಕಾವಲುಗಾರ ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಸಾಹುಕಾರರ ಗುಮಾಸ್ತನಿಗೆ ಕೊಟ್ಟು ತನ್ನ ಊರಿಗೆ ಹೋದ. ಭಾನುವಾರ ರಜೆ, ಸೋಮವಾರ ಯಾವುದೋ ಹಬ್ಬದ ರಜೆ. ಸಾಹುಕಾರರ ಮನೆಯವರೆಲ್ಲ, ಗುಮಾಸ್ತನೂ ಸೇರಿ, ಚಿತ್ರದುರ್ಗದ ಒಂದು ಮದುವೆಗೆ ಹೊರಟುಹೋದರು.

ಭಾನುವಾರ ಮಧ್ಯಾಹ್ನ ನಾನು ಉಂಡು ಮಲಗಿದ್ದಾಗ ಹಾಲಪ್ಪ ನಮ್ಮ ಮನೆ ಹುಡುಕಿಕೊಂಡು ಬಂದ. ಲೋಕಿಕೆರೆಯಿಂದ ನಡೆದೇ ಬಂದಿದ್ದ. ಬೆಳಗ್ಗೆಯಿಂದ ದೊಡ್ಡಿಯ ಗೇಟಿನ ಹತ್ತಿರ ಇದ್ದನಂತೆ. ಸರಳಿನ ಸಂದಿಯಿಂದ ಮೇವು ಎಸೆದರೆ ಕೆಂಚನಿಗೆ ಎಟುಕುವುದಿಲ್ಲ, ಅದು ಬಿಸಿಲಲ್ಲೇ ಕಟ್ಟಿದೆ, ತೊಟ್ಟಿಯಲ್ಲಿ ನೀರಿಲ್ಲ ಎಂದು ಹೇಳಿದ. ಗೋಡೆ ಹಾರಬಹುದಿತ್ತು, ಆದರೆ ಜೈಲು ಎಂದಿದ್ದೀರಲ್ಲ ಎಂದ.

"ನಾ ಮುಟ್ಟಾದಿಲ್ರಿ. ನೀವ ಬಂದು ಒಂದು ಕೊಡ ನೀರು ಇಡ್ರಿ ಸಾಕು" ಎಂದ.

ನಾನು ಎದ್ದು ಹೋಗಬಹುದಿತ್ತು. ಒಂದು ಕಲ್ಲಿನಿಂದ ಬೀಗ ಒಡೆಯಬಹುದಿತ್ತು. ಬೀಗ ಮಂಡಳಿಯದ್ದು, ಸರ್ಕಾರಿ ನೌಕರ ಹಾಗೆಲ್ಲ ಒಡೆಯುವಂತಿಲ್ಲ, ಕಾವಲುಗಾರ ಸಂಜೆಗೆ ಬಂದೇ ಬರುತ್ತಾನೆ ಎಂದು ಹೇಳಿ ಕಳಿಸಿದೆ. ಬಾಗಿಲು ಹಾಕಿಕೊಂಡ ಮೇಲೆ ನಿದ್ದೆ ಬರಲಿಲ್ಲ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ನಿಜ ಹೇಳುತ್ತೇನೆ, ನಿದ್ದೆ ಬಂತು.

ಸೋಮವಾರವೂ ಯಾರೂ ಬರಲಿಲ್ಲ. ಮಂಗಳವಾರ ಬೆಳಗ್ಗೆ ಬೀಗ ತೆಗೆದಾಗ ಕೆಂಚ ಕಂಬದ ಬುಡದಲ್ಲಿ ಬಿದ್ದಿತ್ತು. ಹಗ್ಗ ಜಗ್ಗಿ ಜಗ್ಗಿ ಮೂಗುದಾರ ಮೂತಿಯನ್ನು ಸೀಳಿತ್ತು. ಗೇಟಿನ ಹೊರಗೆ ಒಂದು ಮಣ್ಣಿನ ಕೊಡ. ಅದರ ತುಂಬ ನೀರು. ಹಾಲಪ್ಪ ಅದರ ಪಕ್ಕದಲ್ಲಿ ಕುಳಿತಿದ್ದ.

ಹೊಟ್ಟೆ ಕೊಯ್ದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಒಳಗಿನ ಮೇವು ಒಣಗಿ ಗಟ್ಟಿಯಾಗಿತ್ತು. ಹುಣ್ಣು ವಾಸಿಯಾಗುತ್ತಿತ್ತು, ಸುತ್ತ ಹೊಸ ಚರ್ಮ ಬರತೊಡಗಿತ್ತು. ಹರಳೆಣ್ಣೆ ಹಚ್ಚಿದವನ ಕೈಗುಣ. ನೀರಿಲ್ಲದೆ ಸತ್ತಿದೆ ಎಂದು ಹಾಗೆಯೇ ಬರೆದುಕೊಟ್ಟೆ. ಡಾಕ್ಟರು ನನ್ನ ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಬೇರೆ ಹಾಳೆ ತೆಗೆದು, ಹಳೆಯ ಹುಣ್ಣಿನ ನಂಜು ಏರಿ ಸತ್ತಿತೆಂದು ಸುಂದರವಾದ ಇಂಗ್ಲಿಷಿನಲ್ಲಿ ಬರೆದರು. ಕೆಳಗೆ ನನ್ನ ಸಹಿ ಬೇಕೆಂದರು. ಹಾಕಿದೆ.

ಮಂಡಳಿಯವರು ಕೆಂಚನಿಗೆ ಹಾರ ಹಾಕಿ ಮಣ್ಣು ಮಾಡಿದರು. ಕಟುಕ ಮಾಲೀಕರ ಕೈಗೆ ಸಿಕ್ಕಿ ನಲುಗಿದ ಮೂಕಜೀವ ಎಂದು ಸಾಹುಕಾರರು ಭಾಷಣ ಮಾಡಿದರು. ಮತ್ತೆ ಕರವಸ್ತ್ರ ತೆಗೆದರು. ಜನರ ಹಿಂದೆ ಹಾಲಪ್ಪ ಕೈಕಟ್ಟಿ ನಿಂತಿದ್ದ. ಭಾಷಣ ಮುಗಿಯುವವರೆಗೂ ನಿಂತಿದ್ದು, ನನ್ನ ಕಡೆಗೂ ನೋಡದೆ ಊರಿನ ದಾರಿ ಹಿಡಿದ.

ಆಮೇಲೆ ನಾನು ಸುಧಾರಿಸಿದೆ ಎಂದೇನೂ ಇಲ್ಲ. ಇಷ್ಟು ಮಾತ್ರ ಮಾಡಿದೆ: ಖಾಲಿ ಚೀಟಿ ಕೈಗೆ ತೆಗೆದುಕೊಳ್ಳುವುದಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಅವರು ನನ್ನನ್ನು ತಪಾಸಣೆಯಿಂದ ಬಿಡಿಸಿ, ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಖಾಲಿ ಮಾಡುವ ದೊಡ್ಡರೋಗದ ಲಸಿಕೆಯನ್ನು ಹಳ್ಳಿಗಳಲ್ಲಿ ದನಗಳಿಗೆ ಹಾಕಲು ಅಟ್ಟಿದರು. ಶಿಕ್ಷೆ ಎಂದು ಅವರು ತಿಳಿದಿದ್ದರು. ನಿಮಗೆ ಹೇಳುವುದೂ ಇಷ್ಟೆ. ಪ್ರಾಣಿಯ ಮೇಲೆ ಕನಿಕರವಿದ್ದರೆ ಒಳ್ಳೆಯದು. ಆದರೆ ಚೀಟಿ ಬರೆಯುವ ಮೊದಲು ಅದನ್ನು ಎಲ್ಲಿ ಕಟ್ಟುತ್ತಾರೆ, ನೀರು ಯಾರು ಇಡುತ್ತಾರೆ ಎಂದು ಹೋಗಿ ನೋಡಿ.

ಎರಡು ವರ್ಷದ ಮೇಲೆ ಲಸಿಕೆಗೆ ಲೋಕಿಕೆರೆಯ ಸರದಿ ಬಂತು. ಊರಿನವರೆಲ್ಲ ದನ ಹೊಡೆದುಕೊಂಡು ಬಂದರು, ಹಾಲಪ್ಪ ಬರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ರೋಗ ಕಾಣಿಸಿಕೊಂಡಿತ್ತು, ಒಂದು ದನ ಬಿಟ್ಟರೂ ಅಪಾಯ. ನಾನೇ ಅವನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಕೆಂಚನ ಜೋಡಿಯ ಬಿಳಿ ಎತ್ತು ಒಂಟಿಯಾಗಿ ನಿಂತಿತ್ತು. ಇನ್ನೊಂದು ಗೂಟ ಹಾಗೆಯೇ ಇತ್ತು. ನಾನು ಬಾಗಿಲಲ್ಲೇ ನಿಂತು, ಆ ಭಾನುವಾರ ನಾನು ಬರಬೇಕಿತ್ತು, ತಪ್ಪಾಯಿತು ಎಂದೆ. ಎರಡು ವರ್ಷ ಅಭ್ಯಾಸ ಮಾಡಿದ್ದ ಮಾತು, ಅಲ್ಲಿ ಹೇಳಿದಾಗ ಏನೂ ಅಲ್ಲದಂತೆ ಕೇಳಿಸಿತು.

ಹಾಲಪ್ಪ ನನ್ನ ಕೈಯ ಸೂಜಿಯನ್ನು ನೋಡಿದ. ಆಮೇಲೆ, "ರೋಗ ಬರಬಾರದು ಅಂದ್ರ ಚುಚ್ಚಬೇಕೇನ್ರಿ?" ಎಂದು ಕೇಳಿದ. ಹೌದು ಎಂದೆ.

"ಚುಚ್ರಿ. ಹೆಸರು ಗಿಸರು ಏನೂ ಬರಕೋಬ್ಯಾಡ್ರಿ."

ನಾನು ಸೂಜಿ ತುಂಬಿಕೊಂಡು ಹತ್ತಿರ ಹೋದೆ. ಎತ್ತು ಹಿಂದಕ್ಕೆ ಸರಿಯಿತು. ಹಾಲಪ್ಪ ಅದರ ಕೋಡು ಹಿಡಿಯಲಿಲ್ಲ. ತಲೆಯನ್ನು ಎದೆಗೆ ಒತ್ತಿಕೊಂಡು, ಒಂದು ಕೈಯಿಂದ ಅದರ ಕಣ್ಣು ಮುಚ್ಚಿ, ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

"ಹೆದರಬ್ಯಾಡಪ್ಪ. ಇವರು ಈಗ ಹೋಗ್ತಾರ."